ಸಂತಾನವೂ ಸಂಖ್ಯೆಯೂ

‘ಪ್ರಜಾ’ ಎಂಬ ಶಬ್ದಕ್ಕೆ ಅಮರಸಿಂಹನು ಎರಡು ಅರ್ಥಗಳನ್ನು ಹೇಳಿದ್ದಾನೆ. ಒಂದು ಸಂತತಿ, ಮತ್ತೊಂದು ಜನ. ಮಡಿಲೊಳಗಿನ ಕೂಸೂ ಪ್ರಜೆಯೇ, ರಾಜ್ಯದೊಳಗೆ ತೆರಿಗೆ ತೆತ್ತು ಬಾಳುವವನೂ ಪ್ರಜೆಯೇ. ಅರಸನು ಪ್ರಜೆಗಳನ್ನು ಹೆತ್ತ ಮಕ್ಕಳಂತೆ ಪಾಲಿಸಬೇಕೆಂದು ಪ್ರಾಚೀನ ಕವಿಗಳು ಮತ್ತೆ ಮತ್ತೆ ಹೇಳಿದುದರ ಹಿಂದೆ ಈ ಶಬ್ದದ ಇಬ್ಬಗೆಯ ಅರ್ಥವೂ ಕೆಲಸಮಾಡಿದೆ. ‘ಸಂತಾನ’ವೆಂಬುದು ಇನ್ನೂ ಸೊಗಸಾದ ಮಾತು. ಹಿಗ್ಗಿಸು, ಹರಡು, ಎಳೆದು ಹಾಸು ಎಂಬರ್ಥದ ‘ತನ್’ ಧಾತುವಿನಿಂದ ನಿಷ್ಪನ್ನವಾದ ಆ ಶಬ್ದವು ‘ತಂತು’ವಿಗೆ ಒಡಹುಟ್ಟು. ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಸಂತತಿಯ ಎಳೆಯನ್ನು ಕಡಿಯಬೇಡವೆಂದು ಆಚಾರ್ಯನು ಬುದ್ಧಿಹೇಳುವ ಪ್ರಸಂಗವೊಂದು ತೈತ್ತಿರೀಯೋಪನಿಷತ್ತಿನಲ್ಲಿ ಬರುತ್ತದೆ. ಇಪ್ಪತ್ತನೆಯ ಶತಮಾನವು ಈ ಎರಡು ಶಬ್ದಗಳ ಪಕ್ಕದಲ್ಲಿ ಮೂರನೆಯದೊಂದನ್ನು ತಂದು ಕೂರಿಸಿತು. ಅದೇ ‘ಜನಸಂಖ್ಯೆ’. ಅಂದಿನಿಂದ ಕೂಸು ಎಳೆಯಾಗಿ ಉಳಿಯದೆ ಅಂಕೆಯಾಯಿತು. ಮೊದಲು ಆ ಅಂಕೆ ಬೆಳೆಯುತ್ತಿದೆಯೆಂದು ಲೋಕವು ಅಂಜಿತು. ಈಗ ಕುಗ್ಗುತ್ತಿದೆಯೆಂದು ಅಂಜತೊಡಗಿದೆ. ಐವತ್ತು ವರ್ಷಗಳ ಹಿಂದೆ ‘ಎರಡೇ ಸಾಕು’ ಎಂದು ಸಾರಿದ ವೇದಿಕೆಗಳ ಮೇಲೆಯೇ ಇಂದು ‘ಇನ್ನೊಂದಿರಲಿ’ ಎಂಬ ಉಪದೇಶ ಕೇಳಿಬರುತ್ತಿರುವಾಗ, ಈ ಎರಡು ಅಂಜಿಕೆಗಳನ್ನೂ ಸ್ವಲ್ಪ ನಿಧಾನವಾಗಿ ಪರಾಮರ್ಶಿಸುವುದು ವಿದ್ಯಾಸಂಸ್ಥೆಗಳಿಗೆ ಸೇರಿದವರ ಕರ್ತವ್ಯವೇ ಸರಿ.

ಮೊದಲನೆಯ ಅಂಜಿಕೆಗೆ ಕಾರಣವಿಲ್ಲದಿರಲಿಲ್ಲ. ಮಾನವಕುಲವು ನೂರು ಕೋಟಿಯನ್ನು ಮುಟ್ಟಲು ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೆ ಕಾಯಬೇಕಾಯಿತು. ಇನ್ನೂರು ಕೋಟಿಯಾದುದು 1927ರ ಸುಮಾರಿಗೆ. 1960ಕ್ಕೆ ಮುನ್ನೂರು, 1974ಕ್ಕೆ ನಾನೂರು, 1987ಕ್ಕೆ ಐನೂರು ಕೋಟಿ. 2022ರ ನವೆಂಬರ್ 15ರಂದು ಎಂಟುನೂರು ಕೋಟಿ ತುಂಬಿತೆಂದು ವಿಶ್ವಸಂಸ್ಥೆಯು ಸಾರಿತು. ಅನ್ನವು ಮೆಟ್ಟಿಲು ಮೆಟ್ಟಿಲಾಗಿ ಏರಿದರೆ ಉಣ್ಣುವವರು ಮಡಿ ಮಡಿಯಾಗಿ ಏರುತ್ತಾರೆಂದು 1798ರಲ್ಲಿಯೇ ಮಾಲ್ಥಸ್ ಪಾದ್ರಿಯು ಬರೆದಿದ್ದನು. 1968ರಲ್ಲಿ ಅಮೆರಿಕದ ಪಾಲ್ ಎರ್ಲಿಕ್ ಎಂಬ ಜೀವಶಾಸ್ತ್ರಜ್ಞನು ಜನಸಂಖ್ಯೆಯನ್ನು ಬಾಂಬಿಗೆ ಹೋಲಿಸಿ ಒಂದು ಪುಸ್ತಕವನ್ನೇ ಪ್ರಕಟಿಸಿ, ಎಪ್ಪತ್ತರ ದಶಕದಲ್ಲಿ ಕೋಟಿ ಕೋಟಿ ಜನ ಹಸಿದು ಸಾಯುವರೆಂದು ಭವಿಷ್ಯ ನುಡಿದನು. ಆ ಭವಿಷ್ಯ ಸುಳ್ಳಾಯಿತು. ಗಿಡ್ಡ ತಳಿಯ ಗೋಧಿ-ಭತ್ತ, ಕಾಲುವೆಯ ನೀರು, ಗೊಬ್ಬರ ಇವು ಮೂರೂ ಕೂಡಿ ಭಾರತದ ಕಣಜವನ್ನು ತುಂಬಿಸಿದವು. ಆದರೆ ಗ್ರಂಥ ಸುಳ್ಳಾದರೂ ಅದು ಬಿತ್ತಿದ ದೃಷ್ಟಿಕೋನ ಸುಳ್ಳಾಗಲಿಲ್ಲ. ಬಡವನ ಮನೆಯಲ್ಲಿ ಹುಟ್ಟುವ ಮಗುವೆಂದರೆ ರಾಷ್ಟ್ರಕ್ಕೊಂದು ಹೊರೆ ಎಂಬ ಭಾವನೆಯು ಸರಕಾರಿ ಕಚೇರಿಗಳಲ್ಲಿಯೂ ಪಠ್ಯಪುಸ್ತಕಗಳಲ್ಲಿಯೂ ಬೇರುಬಿಟ್ಟಿತು. ‘ಜನಸಂಖ್ಯಾ ಸ್ಫೋಟ’ ಎಂಬ ವಿಷಯದ ಮೇಲೆ ಪ್ರಬಂಧ ಬರೆಯದೆ ಹತ್ತನೆಯ ತರಗತಿಯನ್ನು ದಾಟಿದವರು ಈ ಸಂಪುಟದ ಓದುಗರಲ್ಲಿ ವಿರಳ.

ಕನ್ನಡ ನಾಡಿನ ಹಿರಿಯರ ಅಂಜಿಕೆ ಇದಕ್ಕೆ ತೀರ ವಿರುದ್ಧವಾಗಿತ್ತೆಂಬುದನ್ನು ಮರೆಯಲಾಗದು. ಧಾತು-ಈಶ್ವರ ಸಂವತ್ಸರಗಳ ಬರವೆಂದು ಮುದುಕರ ಬಾಯಲ್ಲಿ ಬಹುಕಾಲ ಉಳಿದಿದ್ದ 1876-78ರ ಕ್ಷಾಮವು ಹಳೆಯ ಮೈಸೂರು ಸಂಸ್ಥಾನವನ್ನು ಹೇಗೆ ಬರಿದುಮಾಡಿತೆಂಬುದಕ್ಕೆ ಜನಗಣತಿಗಳೇ ಸಾಕ್ಷಿ. 1871ರಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಜನ 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿದ್ದರು. ಅದರ ಗಾಯ ಮಾಯುವಷ್ಟರಲ್ಲಿ ಪ್ಲೇಗು ಬಂದಿತು; 1918ರಲ್ಲಿ ಇನ್‌ಫ್ಲುಯೆಂಜಾ ಬಂದಿತು. ಇಡೀ ಭಾರತದ ಜನಸಂಖ್ಯೆಯೇ 1911ರಿಂದ 1921ರವರೆಗಿನ ದಶಕದಲ್ಲಿ ಏರುವ ಬದಲು ತುಸು ಇಳಿಯಿತು. ಹುಟ್ಟಿದ ಐದರಲ್ಲಿ ಎರಡೋ ಮೂರೋ ಉಳಿದರೆ ಉಳಿದಂತೆ ಎಂಬ ಕಾಲದಲ್ಲಿ ಎಂಟು ಹೆರುವುದು ಅವಿವೇಕವಾಗಿರಲಿಲ್ಲ. ಅದು ಲೆಕ್ಕಾಚಾರವೇ ಆಗಿತ್ತು. ಹೊಲಕ್ಕೆ ಕೈ ಬೇಕು, ಮುಪ್ಪಿಗೆ ಆಸರೆ ಬೇಕು. ಮನೆ ತುಂಬ ಮಕ್ಕಳಾಗಲೆಂದು ಹರಸಿದ ಅಜ್ಜಿಯರನ್ನು ಅಜ್ಞಾನಿಗಳೆಂದು ಜರೆದ ಆಮೇಲಿನ ಪ್ರಚಾರಕರು ಆ ಹರಕೆಯ ಹಿಂದಿದ್ದ ಸ್ಮಶಾನಗಳನ್ನು ಎಣಿಸಲಿಲ್ಲ. ಹಾಗೆಂದು ಆ ಹಳೆಯ ಬಾಳನ್ನು ಹೊಗಳುವಂತೆಯೂ ಇಲ್ಲ. ‘ವಂಧ್ಯಾ’ ಶಬ್ದದ ತದ್ಭವವಾದ ‘ಬಂಜೆ’ ಎಂಬ ಮಾತನ್ನು ಹೆಣ್ಣಿನ ಮೇಲೆ ಎಸೆಯಲು ಕಲಿತ ಆಡುನುಡಿಯು ಅದಕ್ಕೊಂದು ಪುಲ್ಲಿಂಗ ರೂಪವನ್ನು ಬಳಕೆಗೆ ತರಲೇ ಇಲ್ಲ. ವ್ಯಾಕರಣದ ಈ ಮೌನಕ್ಕೆ ವೈಯಾಕರಣರು ಹೊಣೆಯಲ್ಲ.

ಹೀಗಿದ್ದರೂ ಸಂತಾನ ನಿಯಂತ್ರಣದ ವಿಷಯದಲ್ಲಿ ಲೋಕಕ್ಕಿಂತ ಮೊದಲೇ ಹೆಜ್ಜೆಯಿಟ್ಟುದು ಕನ್ನಡ ನಾಡೇ ಎಂಬುದು ಅನೇಕರಿಗೆ ತಿಳಿಯದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1930ರಲ್ಲಿ, ಮೈಸೂರು ಸರಕಾರವು ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಅಪ್ಪಣೆ ಕೊಟ್ಟಿತು. ಸರಕಾರವೊಂದು ತಾನಾಗಿ ಇಂಥ ಕಾರ್ಯವನ್ನು ಕೈಗೊಂಡುದು ಪ್ರಪಂಚದಲ್ಲಿ ಅದೇ ಮೊದಲೆಂದು ಗಣಿಸಲಾಗಿದೆ. ಸ್ವತಂತ್ರ ಭಾರತವು 1952ರಲ್ಲಿ ಕುಟುಂಬ ಯೋಜನೆಯನ್ನು ರಾಷ್ಟ್ರನೀತಿಯನ್ನಾಗಿ ಸ್ವೀಕರಿಸಿದಾಗಲೂ ಮೊದಲ ಪ್ರಯೋಗಗಳಲ್ಲಿ ಒಂದು ನಡೆದುದು ರಾಮನಗರದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ನಡೆದ ಆ ಪ್ರಯೋಗದಲ್ಲಿ, ತಿಂಗಳಿನ ಯಾವ ದಿನಗಳಲ್ಲಿ ಗರ್ಭ ನಿಲ್ಲುವ ಸಂಭವ ಹೆಚ್ಚು, ಯಾವ ದಿನಗಳಲ್ಲಿ ಕಡಿಮೆ ಎಂಬುದನ್ನು ಗುರುತಿಸಲು ಹೆಂಗಸರಿಗೆ ಬಣ್ಣದ ಮಣಿಗಳ ಸರವನ್ನು ಕೊಡಲಾಯಿತು. ದಿನಕ್ಕೊಂದು ಮಣಿಯನ್ನು ಸರಿಸುತ್ತ ಹೋಗಬೇಕು. ಬಣ್ಣ ನೋಡಿ ನಡೆದುಕೊಳ್ಳಬೇಕು. ಯೋಜನೆ ಹೆಚ್ಚು ಫಲಿಸಲಿಲ್ಲ. ಮಣಿಸರವನ್ನು ಕಂಡೊಡನೆ ಜಪಸರವನ್ನೋ ತಾಯಿತವನ್ನೋ ನೆನೆಯುವ ಸಮಾಜದಲ್ಲಿ ಗಣಿತದ ಸರ ಗಣಿತವಾಗಿಯೇ ಉಳಿಯುವುದು ಕಷ್ಟ. ಆದರೂ ಆ ಕಾಲದ ಪ್ರಯತ್ನಗಳಲ್ಲಿ ಒಂದು ಮರ್ಯಾದೆಯಿತ್ತು: ತಿಳಿಸಿ ಹೇಳಿ ಒಪ್ಪಿಸುವ ಮರ್ಯಾದೆ.

ಅದು ಹೋದುದು ತುರ್ತು ಪರಿಸ್ಥಿತಿಯ ದಿನಗಳಲ್ಲಿ. 1974ರಲ್ಲಿ ಬುಖಾರೆಸ್ಟಿನ ವಿಶ್ವ ಸಮ್ಮೇಳನದಲ್ಲಿ ಅಭಿವೃದ್ಧಿಗಿಂತ ಮಿಗಿಲಾದ ಸಂತಾನ ನಿರೋಧಕವಿಲ್ಲವೆಂದು ಭಾರತದ ಪ್ರತಿನಿಧಿಯಾಗಿ ಸಾರಿದ ಡಾ. ಕರಣ್ ಸಿಂಗರೇ 1976ರ ರಾಷ್ಟ್ರೀಯ ಜನಸಂಖ್ಯಾ ನೀತಿಯನ್ನು ಮಂಡಿಸಬೇಕಾಗಿ ಬಂದುದು ಇತಿಹಾಸದ ವಿಪರ್ಯಾಸ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಅರವತ್ತು ಲಕ್ಷಕ್ಕೂ ಮಿಕ್ಕಿ ಗಂಡಸರವು. ಶಾಲಾ ಉಪಾಧ್ಯಾಯರಿಗೂ ಇಷ್ಟಿಷ್ಟು ಜನರನ್ನು ಕರೆತರಬೇಕೆಂಬ ಗುರಿಯನ್ನು ಅಲ್ಲಲ್ಲಿ ವಿಧಿಸಲಾಯಿತು. ಅಕ್ಷರ ಕಲಿಸುವವನನ್ನು ಕಂಡರೆ ಊರವರು ಹಿತ್ತಲ ಬಾಗಿಲಿಂದ ಓಡುವ ಕಾಲ ಬಂದಿತ್ತೆಂದರೆ ಇನ್ನೇನು ಹೇಳಬೇಕು? ಆ ಬಲವಂತದ ಫಲವು ವಿಚಿತ್ರವಾಯಿತು. ಮುಂದೆ ಯಾವ ಸರಕಾರವೂ ಗಂಡಸರ ತಂಟೆಗೆ ಹೋಗಲಿಲ್ಲ; ಹೊರೆಯೆಲ್ಲವೂ ಸದ್ದಿಲ್ಲದೆ ಹೆಣ್ಣುಮಕ್ಕಳ ಮೇಲೆ ಜಾರಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ಶೇಕಡಾ 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು; ಗಂಡಸರ ಪಾಲು ಲೆಕ್ಕಕ್ಕೆ ಸಿಗದಷ್ಟು ಅಲ್ಪ. ‘ನಾವಿಬ್ಬರು, ನಮಗಿಬ್ಬರು’ ಎಂಬ ಘೋಷಣೆಯಲ್ಲಿ ‘ನಾವಿಬ್ಬರು’ ಎಂಬ ಪೂರ್ವಾರ್ಧವು ಬರಿಯ ಅಲಂಕಾರವಾಯಿತು. ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂಬ ನಾಣ್ಣುಡಿಯಾದರೂ ನಡೆಯಿತೇ ಎಂದರೆ, ಕುಟುಂಬ ಚಿಕ್ಕದಾದಂತೆ ಕೀರ್ತಿಯ ಆಸೆ ಬಲಿತು ಆರತಿಯ ಪಾಲಿಗೆ ಕುತ್ತು ಬಂದಿತು. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳ ಸಂಖ್ಯೆ ಕರ್ನಾಟಕದಲ್ಲಿ 1991ರಲ್ಲಿ 960 ಇದ್ದುದು 2001ಕ್ಕೆ 946 ಆಯಿತು, 2011ಕ್ಕೆ 948. ಭ್ರೂಣಲಿಂಗಪತ್ತೆಯನ್ನು ನಿಷೇಧಿಸಿದ 1994ರ ಕಾನೂನು ಇದ್ದೂ ಈ ಗತಿ.

ಇಷ್ಟೆಲ್ಲ ಗದ್ದಲದ ನಡುವೆ ನಿಜವಾದ ಬದಲಾವಣೆಯು ಬೇರೆ ದಾರಿಯಲ್ಲಿ ನಡೆದಿತ್ತು. ಭಾರತದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವುದರೊಳಗೆ ಸಾಯುತ್ತಿದ್ದವರು 1971ರಲ್ಲಿ 129; 2020ರಲ್ಲಿ 28; ಕರ್ನಾಟಕದಲ್ಲಿ ಅದೇ ವರ್ಷ 19. ಹೆತ್ತ ಮಗು ಉಳಿಯುತ್ತದೆಂಬ ಧೈರ್ಯ ತಾಯಿಗೆ ಬಂದ ಮೇಲೆ ಎಂಟು ಹೆರುವ ಅಗತ್ಯ ತಾನಾಗಿ ಕಳಚಿತು. ಹುಡುಗಿ ಹತ್ತನೆಯ ತರಗತಿಯವರೆಗೆ ಓದಿದರೆ ಮದುವೆ ನಾಲ್ಕಾರು ವರ್ಷ ಮುಂದೆ ಹೋಯಿತು. ಮದುವೆ ಮುಂದೆ ಹೋದರೆ ಮೊದಲ ಹೆರಿಗೆ ಮುಂದೆ ಹೋಯಿತು. ಓದಿದ ತಾಯಿ ತನ್ನ ಮಕ್ಕಳನ್ನು ಓದಿಸಬಯಸಿದಳು. ಓದಿಸುವುದಕ್ಕೆ ಹಣ ಬೇಕಾಗಿ ಎರಡಕ್ಕೆ ನಿಲ್ಲಿಸಿದಳು. ತಲೆಯೆಣಿಸಿ ಹಣ ಹಂಚಿದ ಅಧಿಕಾರಿಗಳಿಗಿಂತ ಹೆಣ್ಣುಮಕ್ಕಳ ಪ್ರೌಢಶಾಲೆಯ ಮೇಷ್ಟರೂ ಹಳ್ಳಿಯ ದಾದಿಯೂ ಈ ಕಾರ್ಯದಲ್ಲಿ ಹೆಚ್ಚು ದುಡಿದಿದ್ದಾರೆ. ಇವರ ದುಡಿಮೆಯ ಲೆಕ್ಕ ಯಾವ ಇಲಾಖೆಯ ವರದಿಯಲ್ಲೂ ಇಲ್ಲ. ಒಬ್ಬ ಹೆಣ್ಣುಮಗಳು ಜೀವಮಾನದಲ್ಲಿ ಹೆರುವ ಮಕ್ಕಳ ಸರಾಸರಿ ಎರಡಕ್ಕೆ ತುಸು ಮೇಲೆ, ಅಂದರೆ 2.1 ಇದ್ದರೆ, ಒಂದು ತಲೆಮಾರು ತನ್ನನ್ನು ತಾನು ತುಂಬಿಕೊಳ್ಳುತ್ತದೆ. 2019-21ರ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅದು 1.7 ಇತ್ತು, ಇಡೀ ಭಾರತಕ್ಕೆ 2. ಜಗತ್ತಿನ ಸರಾಸರಿಯು 1960ರ ದಶಕದಲ್ಲಿ ಐದರ ಹತ್ತಿರವಿದ್ದುದು ಇಂದು 2.3ಕ್ಕಿಂತ ಕೆಳಗಿದೆ. ಈ ಶತಮಾನದ ಎಂಬತ್ತರ ದಶಕದ ನಡುವೆ ಸುಮಾರು ಒಂದು ಸಾವಿರದ ಮೂವತ್ತು ಕೋಟಿಯನ್ನು ಮುಟ್ಟಿ, ಆ ಮೇಲೆ ಮಾನವಸಂಖ್ಯೆ ಇಳಿಮುಖವಾದೀತೆಂದು 2024ರಲ್ಲಿ ವಿಶ್ವಸಂಸ್ಥೆಯು ಅಂದಾಜು ಮಾಡಿತು.

ಆದುದರಿಂದ ಎರಡನೆಯ ಅಂಜಿಕೆ. ಅದಕ್ಕೂ ಕಾರಣವಿಲ್ಲದಿಲ್ಲ. ಜಪಾನಿನ ಜನಸಂಖ್ಯೆ 2008ರ ಸುಮಾರಿಗೆ ತುದಿ ಮುಟ್ಟಿ ಅಂದಿನಿಂದ ಇಳಿಯುತ್ತಿದೆ. ಅಲ್ಲಿ ವರ್ಷ ವರ್ಷವೂ ನೂರಾರು ಶಾಲೆಗಳು ಮಕ್ಕಳಿಲ್ಲದೆ ಮುಚ್ಚುತ್ತಿವೆ. ದಕ್ಷಿಣ ಕೊರಿಯಾದಲ್ಲಿ ಹೆಣ್ಣೊಬ್ಬಳಿಗೆ ಮಕ್ಕಳ ಸರಾಸರಿಯು 2023ರಲ್ಲಿ 0.72ಕ್ಕೆ ಕುಸಿಯಿತು. 1980ರ ಸುಮಾರಿನಿಂದ 2015ರವರೆಗೆ ಒಂದೇ ಮಗುವೆಂದು ಕಟ್ಟಪ್ಪಣೆ ಮಾಡಿದ ಚೀನಾ, 2016ರಿಂದ ಎರಡು, 2021ರಲ್ಲಿ ಮೂರು ಎಂದು ಸಡಿಲಿಸಿದರೂ 2022ರಿಂದ ಅದರ ಜನ ಕಡಿಮೆಯಾಗುತ್ತಿದ್ದಾರೆ. 2023ರಲ್ಲಿ ಭಾರತವು ಅದನ್ನು ಹಿಂದೆ ಹಾಕಿತು. ಬಾಗಿಲು ಮುಚ್ಚುವುದು ಸರಕಾರಕ್ಕೆ ಸುಲಭ. ತೆರೆದೊಡನೆ ಜನ ಒಳಗೆ ಬರುವರೆಂಬ ಭರವಸೆಯಿಲ್ಲ. ಕೊರಿಯಾ ಸರಕಾರವು 2006ರಿಂದೀಚೆಗೆ ಇಪ್ಪತ್ತು ಸಾವಿರ ಕೋಟಿ ಡಾಲರಿಗೂ ಮಿಕ್ಕಿ ವೆಚ್ಚ ಮಾಡಿದ ಮೇಲೂ ಜನನಗಳು ಇಳಿಯುತ್ತಲೇ ಹೋದವು. 2024ರಲ್ಲಿ ಕಂಡ ಏರಿಕೆ ಅತ್ಯಲ್ಪ. ಹದಿನಾಲ್ಕು ಹದಿನೈದು ಗಂಟೆ ಪಾಠಕ್ಕೂ ಮನೆಪಾಠಕ್ಕೂ ಮಗುವನ್ನು ಒಡ್ಡಿ, ಹೆತ್ತವಳನ್ನು ಉದ್ಯೋಗದಿಂದ ಮೂಲೆಗೆ ತಳ್ಳುವ ಸಮಾಜವು ಹಣ ಕೊಟ್ಟು ಕೂಸನ್ನು ಕೊಳ್ಳಲಾರದು.

ಹಣದ ಬದಲು ದಂಡದಿಂದ ಪ್ರಯತ್ನಿಸಿದ ರುಮಾನಿಯಾ ದೇಶದ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕು. ‘ಹೆರಿರಿ’ ಎಂದು ಇಂದು ಸುಲಭವಾಗಿ ಹೇಳುವವರು ಅದನ್ನು ಕೇಳಬೇಕಾದುದು ಅವಶ್ಯ. 1966ರಲ್ಲಿ ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕು ರಾಷ್ಟ್ರದ ಬಲಕ್ಕೆ ಜನಬಲ ಬೇಕೆಂದು ಭಾವಿಸಿ ಗರ್ಭಪಾತವನ್ನು ನಿಷೇಧಿಸಿದನು. ಗರ್ಭನಿರೋಧಕಗಳು ಅಂಗಡಿಗಳಿಂದ ಕಾಣೆಯಾದವು. ಮಕ್ಕಳಿಲ್ಲದವರ ಮೇಲೆ ತೆರಿಗೆ ಬಿದ್ದಿತು. 1966ರಲ್ಲಿ ಎರಡು ಲಕ್ಷದ ಎಪ್ಪತ್ತು ಸಾವಿರವನ್ನು ತುಸು ಮೀರಿದ್ದ ಜನನಗಳು 1967ರಲ್ಲಿ ಐದು ಲಕ್ಷವನ್ನು ದಾಟಿದವು. ಸರಕಾರ ಹಿಗ್ಗಿತು. ಆದರೆ ಕೆಲವೇ ವರ್ಷಗಳಲ್ಲಿ ಜನ ಕಳ್ಳದಾರಿಗಳನ್ನು ಕಂಡುಕೊಂಡರು. ಜನನಗಳು ಮತ್ತೆ ಇಳಿದವು. ಕದ್ದು ಗರ್ಭ ಕಳೆದುಕೊಳ್ಳಲು ಹೋಗಿ ಸಾವಿರಾರು ಹೆಂಗಸರು ಪ್ರಾಣ ಬಿಟ್ಟರು. 1989ರ ಡಿಸೆಂಬರಿನಲ್ಲಿ ಆ ಪ್ರಭುತ್ವ ಉರುಳಿದಾಗ ಹೊರಜಗತ್ತು ಕಂಡುದು ಅನಾಥಾಲಯಗಳನ್ನು: ತಂದೆತಾಯಿ ಬದುಕಿದ್ದೂ ಸಾಕಲಾರದೆ ಬಿಟ್ಟುಹೋದ ಮಕ್ಕಳು, ಕಬ್ಬಿಣದ ಮಂಚಗಳಲ್ಲಿ, ಎತ್ತಿಕೊಳ್ಳುವ ಕೈಯಿಲ್ಲದೆ, ಮಾತೂ ಕಲಿಯದೆ ಬೆಳೆದವರು. ಸಂಖ್ಯೆಗಾಗಿ ಹುಟ್ಟಿಸಿದ ಸಂತಾನದ ಗತಿ ಅದು. ದೆಹಲಿಯಲ್ಲಿ 1976ರಲ್ಲಿ ನಡೆದುದಕ್ಕೂ ಬುಖಾರೆಸ್ಟಿನಲ್ಲಿ ಹತ್ತು ವರ್ಷ ಮೊದಲು ನಡೆದುದಕ್ಕೂ ಮೇಲ್ನೋಟಕ್ಕೆ ಉತ್ತರ-ದಕ್ಷಿಣ ಧ್ರುವಗಳ ಅಂತರವಿದೆ. ಎರಡರಲ್ಲಿಯೂ ಹೆಣ್ಣಿನ ಹೊಟ್ಟೆ ಸರಕಾರದ ಖಜಾನೆಯಂತೆ ಎಣಿಕೆಗೆ ಒಳಗಾದುದು ಮಾತ್ರ ಒಂದೇ.

ಇಂಥ ಇತಿಹಾಸವಿರಲು, ದಕ್ಷಿಣ ಭಾರತದ ವೇದಿಕೆಗಳಲ್ಲಿ ಈಚೆಗೆ ಕೇಳಿಬರುವ ಮಾತುಗಳು ಚಿಂತೆಯನ್ನುಂಟುಮಾಡುತ್ತವೆ. 2024ರ ಅಕ್ಟೋಬರಿನಲ್ಲಿ ಆಂಧ್ರಪ್ರದೇಶ, ತಮಿಳುನಾಡುಗಳ ಅಂದಿನ ಮುಖ್ಯಮಂತ್ರಿಗಳಿಬ್ಬರೂ ಒಂದೆರಡು ದಿನಗಳ ಅಂತರದಲ್ಲಿ ಹೆಚ್ಚು ಮಕ್ಕಳ ಮಾತೆತ್ತಿದರು. ತಮಿಳಿನ ಹರಕೆಯಲ್ಲಿ ಬರುವ ‘ಹದಿನಾರು’ ಎಂಬುದು ಹದಿನಾರು ಬಗೆಯ ಸಂಪತ್ತೇ ಹೊರತು ಹದಿನಾರು ಮಕ್ಕಳಲ್ಲವೆಂಬುದನ್ನು ಅಲ್ಲಿಯ ಪಂಡಿತರು ಬಲ್ಲರು; ಅದನ್ನು ಮಕ್ಕಳಿಗೆ ಅನ್ವಯಿಸಿದುದು ರಾಜಕೀಯದ ಚಮತ್ಕಾರ. ಎರಡಕ್ಕಿಂತ ಹೆಚ್ಚು ಮಕ್ಕಳಿರುವವರು ಸ್ಥಳೀಯ ಚುನಾವಣೆಗೆ ನಿಲ್ಲಬಾರದೆಂದು 1994ರಲ್ಲಿ ಮಾಡಿದ್ದ ಕಟ್ಟಳೆಯನ್ನು ಆಂಧ್ರವು ಅದೇ ವರ್ಷದ ನವೆಂಬರಿನಲ್ಲಿ ತೆಗೆದುಹಾಕಿತು. ಈ ಮಾತುಗಳ ಹಿಂದೆ ಒಂದು ನ್ಯಾಯವಾದ ದೂರಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಲೋಕಸಭೆಯಲ್ಲಿ ರಾಜ್ಯಗಳಿಗಿರುವ ಸ್ಥಾನಗಳನ್ನು 1971ರ ಜನಗಣತಿಗೆ ಕಟ್ಟಿಹಾಕಿದುದು 1976ರ 42ನೆಯ ತಿದ್ದುಪಡಿ. ಕುಟುಂಬ ಯೋಜನೆಯನ್ನು ಪಾಲಿಸಿದ ರಾಜ್ಯಕ್ಕೆ ನಷ್ಟವಾಗದಿರಲೆಂಬುದೇ ಅದರ ಆಶಯ. ಆ ಕಟ್ಟನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿದುದು 2001ರ 84ನೆಯ ತಿದ್ದುಪಡಿ. 2021ರಲ್ಲಿ ನಡೆಯಬೇಕಾಗಿದ್ದ ಗಣತಿಯು ಮುಂದೆ ಹೋಗಿ, 2027ರ ಮಾರ್ಚ್ 1 ಎಣಿಕೆಯ ದಿನವೆಂದು ನಿಗದಿಯಾಯಿತು. ಹೇಳಿದ ಮಾತನ್ನು ಕೇಳಿ ಮನೆ ಚಿಕ್ಕದು ಮಾಡಿಕೊಂಡವರ ಪಾಲಿಗೆ ಮಣೆಯೂ ಚಿಕ್ಕದಾಗುವುದಾದರೆ ಅದು ಅನ್ಯಾಯವೇ. ಕರ್ನಾಟಕದ 28 ಸ್ಥಾನಗಳ ತೂಕ ಕುಗ್ಗಬಾರದೆಂದು ವಾದಿಸುವುದು ಯುಕ್ತ. ಆದರೆ ಆ ವಾದವನ್ನು ಹೂಡಬೇಕಾದುದು ಸಂಸತ್ತಿನಲ್ಲಿ, ಹೆರಿಗೆ ಕೋಣೆಯಲ್ಲಲ್ಲ. ಇಂದು ಹುಟ್ಟುವ ಕೂಸು ಮತ ಹಾಕುವುದಕ್ಕೆ ಹದಿನೆಂಟು ವರ್ಷ ಬೇಕೆಂಬ ಸಣ್ಣ ಲೆಕ್ಕವೂ ಈ ಉಪದೇಶಕರಿಗೆ ಹೊಳೆಯದಿರುವುದು ಆಶ್ಚರ್ಯ.

ರಾಜ್ಯಗಳ ಮಾತು ಹಾಗಿರಲಿ. ಜಾತಿ-ಸಮಾಜಗಳ ಮಾತು ಇನ್ನೂ ಮೊನಚಾದುದು. ತಮ್ಮವರ ಸಂಖ್ಯೆ ಇಳಿಯುತ್ತಿದೆ, ಎದುರಿನವರದು ಏರುತ್ತಿದೆ ಎಂಬ ಗಾಬರಿಯ ಭಾಷಣ ಇಂದು ಯಾವ ಒಂದು ಸಮಾಜದ ಸೊತ್ತೂ ಅಲ್ಲ. ವೀರಶೈವ-ಲಿಂಗಾಯತ ಸಮಾವೇಶಗಳಲ್ಲಿಯೂ ಅದು ಇಣುಕುವುದುಂಟು. ಇದನ್ನು ಸೌಜನ್ಯದಿಂದ, ಆದರೆ ಸ್ಪಷ್ಟವಾಗಿ ಖಂಡಿಸಬೇಕಾಗಿದೆ. ಜನನವು ಇಳಿಯುತ್ತಿರುವುದು ಎಲ್ಲ ಮತ ಎಲ್ಲ ಜಾತಿಗಳಲ್ಲಿಯೂ. ಓದು, ಆರೋಗ್ಯ, ಆದಾಯಗಳು ಯಾವ ಮನೆಗೆ ಮೊದಲು ಹೋದವೋ ಆ ಮನೆಯಲ್ಲಿ ಅದು ಮೊದಲು ಇಳಿಯಿತು, ತಡವಾಗಿ ಹೋದಲ್ಲಿ ತಡವಾಗಿ ಇಳಿಯುತ್ತಿದೆ, ಅಷ್ಟೇ. ಕರಾವಳಿ, ಮಲೆನಾಡುಗಳಲ್ಲಿ ಮುಂಚೆ ಕಂಡುದು ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಈಗ ಕಾಣತೊಡಗಿದೆ. ಅದಲ್ಲದೆ, ಹುಟ್ಟಿನಿಂದ ಕುಲವನ್ನು ಅಳೆಯಬಾರದೆಂದು ಹನ್ನೆರಡನೆಯ ಶತಮಾನದಲ್ಲಿ ಹೇಳಿದ ಶರಣರ ಪರಂಪರೆಯು ಹುಟ್ಟುಗಳ ಎಣಿಕೆಯಿಂದ ತನ್ನ ಬಲವನ್ನು ಅಳೆದುಕೊಳ್ಳುವುದು ಹೇಗೆ? ಕಲ್ಯಾಣಕ್ಕೆ ಬಂದು ಕೂಡಿದವರು ದೂರದೂರದ ನಾಡುಗಳಿಂದ, ಬೇರೆ ಬೇರೆ ಕಾಯಕಗಳಿಂದ ಬಂದವರು. ಆ ಬಳಗ ಬೆಳೆದುದು ಸೇರ್ಪಡೆಯಿಂದ.

ಮಠದ ಭಾಷೆಯಲ್ಲಿಯೇ ಇದಕ್ಕೊಂದು ಸಾಕ್ಷ್ಯವಿದೆ. ಹಿರಿಯ ಸ್ವಾಮಿಗಳಿಂದ ದೀಕ್ಷೆ ಪಡೆದ ಕಿರಿಯರನ್ನು ‘ಕರಕಮಲಸಂಜಾತ’ರೆಂದು ಕರೆಯುವುದು ವಾಡಿಕೆ. ಬಸಿರಿನಿಂದ ಹುಟ್ಟಿದವನಲ್ಲ, ಕೈಯಿಂದ ಹುಟ್ಟಿದವನು. ಸಂತಾನದ ಎಳೆಯನ್ನು ಕಡಿದುಕೊಂಡವರೆಂದು ಲೋಕವು ತಿಳಿಯುವ ವಿರಕ್ತರು ಬೇರೊಂದು ಬಗೆಯಲ್ಲಿ ಆ ಎಳೆಯನ್ನು ನೂತ ರೀತಿ ಇದು. 111 ವರ್ಷಗಳ ತುಂಬುಬಾಳನ್ನು ಬಾಳಿ 2019ರ ಜನವರಿಯಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ಹತ್ತು ಸಾವಿರದಷ್ಟು ಮಕ್ಕಳಿಗೆ ಏಕಕಾಲದಲ್ಲಿ ಅನ್ನ, ಅಕ್ಷರ, ಆಸರೆ ಕೊಡುವ ದಾಸೋಹವನ್ನು ಕಟ್ಟಿದರು. ಜಾತಿ ಕೇಳಿ ಎಲೆ ಹಾಕಲಿಲ್ಲ. ಕನ್ನಡ ನಾಡಿನ ಉಚಿತ ಪ್ರಸಾದ ನಿಲಯಗಳೆಲ್ಲ ಹುಟ್ಟಿದುದು ಮನೆಯಲ್ಲಿ ಮಕ್ಕಳು ಹೆಚ್ಚಾಗಿ ಮಡಕೆಯಲ್ಲಿ ಹಿಟ್ಟು ಕಡಿಮೆಯಾಗಿದ್ದ ಕಾಲದಲ್ಲಿ. ಕೊನೆಯ ಮಗನನ್ನು ಮಠಕ್ಕೆ ತಂದುಬಿಟ್ಟು ಕಣ್ಣೊರಸಿಕೊಳ್ಳುತ್ತ ಹಿಂದಿರುಗಿದ ತಂದೆಯರ ಸಾಲನ್ನು ಈ ಸಂಪುಟವನ್ನು ಓದುವ ಹಳೆಯ ವಿದ್ಯಾರ್ಥಿಗಳಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಈಗ ಹಳ್ಳಿಯ ಮನೆಯಲ್ಲಿ ಕೊನೆಯ ಮಗನೂ ಮೊದಲ ಮಗನೂ ಒಬ್ಬನೇ. ಅವನನ್ನು ಮನೆಯ ಮುಂದೆ ಬಂದು ನಿಲ್ಲುವ ಹಳದಿ ವ್ಯಾನು ಪೇಟೆಯ ಆಂಗ್ಲ ಮಾಧ್ಯಮದ ಶಾಲೆಗೆ ಒಯ್ಯುತ್ತದೆ. ಕನ್ನಡ ಶಾಲೆಗಳಲ್ಲಿ ಹಾಜರಿ ಪುಸ್ತಕ ತೆಳ್ಳಗಾಗುತ್ತಿರುವುದಕ್ಕೆ ವ್ಯಾನು ಮಾತ್ರ ಕಾರಣವೆಂದು ದೂರುವುದು ಪೂರ್ತಿ ನಿಜವಲ್ಲ, ತೊಟ್ಟಿಲುಗಳೇ ಕಡಿಮೆಯಾಗಿವೆ. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆ ಶೇಕಡಾ 47ರಷ್ಟು ಬೆಳೆದರೆ ಕೊಡಗು ಶೇಕಡಾ ಒಂದರಷ್ಟು ಬೆಳೆಯಿತು. ಚಿಕ್ಕಮಗಳೂರಿನ ಜನಸಂಖ್ಯೆಯಂತೂ ಕೆಲವು ಸಾವಿರ ಕಡಿಮೆಯೇ ಆಯಿತು.

ಕನ್ನಡದ ವಿಷಯಕ್ಕೆ ಬಂದರೆ, 1971ರಲ್ಲಿ ಭಾರತೀಯರಲ್ಲಿ ಶೇಕಡಾ 3.96 ಮಂದಿಗೆ ತಾಯ್ನುಡಿಯಾಗಿದ್ದ ಕನ್ನಡವು 2011ರಲ್ಲಿ ಶೇಕಡಾ 3.61ಕ್ಕೆ ಇಳಿಯಿತು, ಹಿಂದಿಯು ಅದೇ ಅವಧಿಯಲ್ಲಿ 37ರ ಹತ್ತಿರದಿಂದ 43.6ಕ್ಕೆ ಏರಿತು. ನಾಲ್ಕು ಕೋಟಿ ಮೂವತ್ತೇಳು ಲಕ್ಷ ಜನರ ನುಡಿಯನ್ನು ಅಳಿವಿನಂಚಿನದೆಂದು ಹೇಳುವುದು ಅತಿಶಯೋಕ್ತಿ. ಆದರೆ ಇನ್ನು ಮುಂದೆ ಕನ್ನಡವು ಕನ್ನಡಿಗರ ಹೊಟ್ಟೆಯಿಂದ ಮಾತ್ರ ಬೆಳೆಯಲಾರದೆಂಬುದು ಸ್ಪಷ್ಟ. ಕಟ್ಟಡದ ಕೆಲಸಕ್ಕೂ, ಕಾಫಿ ತೋಟಕ್ಕೂ, ಇಟ್ಟಿಗೆಯ ಗೂಡಿಗೂ ಬಿಹಾರ, ಒಡಿಶಾ, ಅಸ್ಸಾಮುಗಳಿಂದ ಬಂದವರ ಮಕ್ಕಳು ಊರಂಚಿನ ತಗಡಿನ ಶೆಡ್ಡುಗಳಲ್ಲಿ ಶಾಲೆಯಿಲ್ಲದೆ ಬೆಳೆಯುತ್ತಿದ್ದಾರೆ. ಪ್ರಸಾದ ನಿಲಯದ ಖಾಲಿ ಮಂಚಗಳನ್ನು ಕಂಡು ನಿಟ್ಟುಸಿರಿಡುವ ಆಡಳಿತ ಮಂಡಳಿಗಳು ಅತ್ತ ಕಣ್ಣು ಹಾಯಿಸಬೇಕು. ಆ ಮಕ್ಕಳಿಗೆ ಮೊದಲ ವರ್ಷ ಬರಿಯ ಮಾತಿನ ಕನ್ನಡ, ಎರಡನೆಯ ವರ್ಷ ಓಲೆ-ಬರಹ ಎಂದು ಕಲಿಸಲು ಮೇಷ್ಟರು ಸಿದ್ಧರಾದರೆ, ಐದಾರು ವರ್ಷಗಳಲ್ಲಿ ಅವರು ರಗಳೆ-ಷಟ್ಪದಿಗಳನ್ನು ಓದುವ ಮಟ್ಟಕ್ಕೆ ಬರುವುದರಲ್ಲಿ ಸಂಶಯವಿಲ್ಲ. ಮರಾಠಿ, ತೆಲುಗು, ಉರ್ದು ಮನೆಮಾತಿನವರು ಕನ್ನಡ ಸಾಹಿತ್ಯಕ್ಕೆ ಕೊಟ್ಟುದನ್ನು ಬಲ್ಲವರು ಈ ಮಾತಿಗೆ ಅಚ್ಚರಿಪಡಲಾರರು. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು ಎಂಬುದನ್ನು ನೆನೆದರೆ ಸಾಕು.

ಇನ್ನು ಮುದುಕರ ಮಾತು. ಸ್ವಾತಂತ್ರ್ಯ ಬಂದಾಗ ಭಾರತೀಯನ ಸರಾಸರಿ ಆಯುಸ್ಸು ಮೂವತ್ತೆರಡರ ಆಸುಪಾಸಿನಲ್ಲಿತ್ತು; ಈಗ ಎಪ್ಪತ್ತು. ಅರವತ್ತು ದಾಟಿದವರು 2011ರಲ್ಲಿ ಹತ್ತು ಕೋಟಿಯ ಮೇಲಿದ್ದರು. 2050ರ ಹೊತ್ತಿಗೆ ಐವರಲ್ಲಿ ಒಬ್ಬರು ಆ ವಯಸ್ಸಿನವರಾಗಿರುವರೆಂದು ಅಂದಾಜು. ಶ್ರೀಮಂತ ದೇಶಗಳು ಮೊದಲು ಸಿರಿವಂತವಾಗಿ ಆಮೇಲೆ ಮುಪ್ಪಾದವು. ಭಾರತಕ್ಕೆ ಮುಪ್ಪು ಸಿರಿಗಿಂತ ಮೊದಲು ಬರುವ ಲಕ್ಷಣ ಕಾಣುತ್ತಿದೆ. ಮಗ ಬೆಂಗಳೂರಿನಲ್ಲಿ, ಮಗಳು ಹೊರದೇಶದಲ್ಲಿ, ಊರಿನ ಮನೆಯಲ್ಲಿ ಮುದುಕ ಮುದುಕಿ. ಇದು ಈಗ ಪ್ರತಿ ಊರಿನ ಪ್ರತಿ ಬೀದಿಯ ಚಿತ್ರ. ದಾಸೋಹವೆಂಬುದಕ್ಕೆ ಬಾಲಕರ ಪಂಕ್ತಿಯೊಂದೇ ಅರ್ಥವೆಂದು ಯಾರೂ ವಿಧಿಸಿಲ್ಲ. ಮಠದ ಅಡುಗೆಮನೆಯಿಂದ ಮಧ್ಯಾಹ್ನದ ಹೊತ್ತಿಗೆ ನಾಲ್ಕು ಮನೆಗೆ ಮುದ್ದೆಯೋ ರೊಟ್ಟಿಯೋ ಹೋಗುವ ವ್ಯವಸ್ಥೆಗೆ ಹೆಚ್ಚಿನ ಬಂಡವಾಳ ಬೇಡ; ಬಡಿಸುವ ಮನಸ್ಸುಳ್ಳ ಇಬ್ಬರು ಹುಡುಗರು ಸಾಕು. ಓದಿನಷ್ಟೇ ದೊಡ್ಡ ಶಿಕ್ಷಣವೂ ಅದರಿಂದ ಅವರಿಗೆ ಆದೀತು.

ಕೊನೆಯದಾಗಿ ಹೇಳಬೇಕಾದುದು ಆಡಳಿತ ಮಂಡಳಿಗಳಿಗೆ ಅಷ್ಟು ಹಿತವಾಗಿರಲಾರದು. ಇಂದಿನ ಶಾಲೆಗಳಲ್ಲಿ ಪಾಠ ಹೇಳುವವರಲ್ಲಿ ಅಧಿಕಾಂಶ ಹೆಣ್ಣುಮಕ್ಕಳು. ಅನುದಾನವಿಲ್ಲದ ಶಾಲೆಗಳಲ್ಲಿ ಅವರಿಗೆ ಸಿಗುವ ಸಂಬಳವನ್ನು ಇಲ್ಲಿ ಬರೆದರೆ ಓದುವ ದಾನಿಗಳು ನಾಚಿಕೊಂಡಾರು. ಹೆರಿಗೆಗೆ ಹೋದವಳು ಮರಳಿ ಬರುವಾಗ ಅವಳ ಜಾಗದಲ್ಲಿ ಇನ್ನೊಬ್ಬಳು ಕುಳಿತಿರುವುದು ಅನೇಕ ಕಡೆ ನಡೆಯುತ್ತದೆ. 26 ವಾರಗಳ ರಜೆಯನ್ನೂ, ಐವತ್ತು ಜನ ನೌಕರರಿರುವಲ್ಲಿ ಶಿಶುಪಾಲನಾ ಗೃಹವನ್ನೂ ವಿಧಿಸಿದ 2017ರ ಕಾನೂನು ಎಷ್ಟು ಕಡೆ ಗೋಡೆಯ ಮೇಲಿನ ಕಾಗದವಾಗಿ ಉಳಿಯಿತೆಂಬುದನ್ನು ಅವರವರ ಸಂಸ್ಥೆಯವರು ಅವರವರೇ ನೋಡಿಕೊಳ್ಳಬಹುದು. ಮಕ್ಕಳು ಕಡಿಮೆಯಾಗುತ್ತಿದ್ದಾರೆಂದು ವೇದಿಕೆಯ ಮೇಲೆ ಕೊರಗಿ, ಹೆತ್ತವಳನ್ನು ಕೆಲಸದಿಂದ ಬಿಡಿಸುವುದಾದರೆ ಆ ಕೊರಗಿನಲ್ಲಿ ಸತ್ಯವೆಷ್ಟು? ಹಿರಿಯರ ಹೆಸರಿನಲ್ಲಿ ಒಂದು ಕೊಠಡಿ ಕಟ್ಟಿಸಿ ಬಾಗಿಲ ಮೇಲೆ ಕಲ್ಲು ಹಾಕಿಸುವುದು ದಾನಿಗಳಲ್ಲಿ ರೂಢಿಯಾಗಿ ಬಂದಿದೆ. ತರಗತಿಗೆ ಸಾಕಾಗುವಷ್ಟು ಕೊಠಡಿಗಳು ಈಗ ಎಲ್ಲೆಡೆಯೂ ಇವೆ, ಕೆಲವೆಡೆ ಬೀಗವೂ ಬಿದ್ದಿದೆ. ಅಂಥ ಒಂದು ಕೊಠಡಿಯ ಬೀಗ ತೆಗೆಸಿ, ಸುಣ್ಣ ಹೊಡೆಸಿ, ನಾಲ್ಕು ತೊಟ್ಟಿಲುಗಳನ್ನು ತೂಗುಹಾಕಿಸಿ, ಇಬ್ಬರು ಆಯಾಗಳ ಸಂಬಳಕ್ಕೆ ವರ್ಷಕ್ಕಿಷ್ಟೆಂದು ದತ್ತಿ ಇಟ್ಟರೆ, ಶಿಕ್ಷಕಿಯು ಬೆಳಗಿನ ಗಂಟೆ ಹೊಡೆಯುವ ಮೊದಲು ಮಗುವನ್ನು ಅಲ್ಲಿ ಮಲಗಿಸಿ, ಬಿಡುವಿನ ವೇಳೆಗೆ ಬಂದು ಹಾಲುಣಿಸಿ, ಮತ್ತೆ ತರಗತಿಗೆ ಹೋಗಬಹುದು.